ಪಡ್ಡೆ ಮಾತು ಮೊದಲೋ, ಕಂಪ್ಯೂಟರ್ ಮಾತು ಮೊದಲೋ? ಎರಡೂ ಕಡೆ ಓಡಾಡುವ ಪದಗಳ ಮೂಲ ಹಿಡಿಯುವುದು ಹೇಗೆ

#1 ಪದಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನವರ ಬಾಯಲ್ಲೂ ಹುಡುಗ ಹುಡುಗಿಯರ ಗುಂಪುಗಳ ಬಾಯಲ್ಲೂ ಓಡಾಡುವ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಒಂದು ಪಟ್ಟಿ ತಯಾರಾಗುತ್ತಿದೆ. ಸದ್ಯಕ್ಕೆ 64 ಪದ. ನಾಲ್ಕು ಕಾಲಂ: ಪದ, ಪಡ್ಡೆ ಅರ್ಥ, ಕಂಪ್ಯೂಟರ್ ಅರ್ಥ, ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು. ಮೊದಲ ಮೂರು ಸಲೀಸು. ನಾಲ್ಕನೆಯದು ಪೂರಾ ಗೋಜಲು.

ಕ್ರ್ಯಾಶ್ ತಗೊಳ್ಳಿ. 1960ರ ದಶಕದ ಹಿಪ್ಪಿಗಳು ಸಿಕ್ಕಿದವರ ಮನೆಯಲ್ಲಿ ಬಿದ್ದುಕೊಳ್ಳುವುದಕ್ಕೆ ಕ್ರ್ಯಾಶ್ ಅನ್ನುತ್ತಿದ್ದರು, ಕಂಪ್ಯೂಟರ್ ಕ್ರ್ಯಾಶ್ ಅಲ್ಲಿಂದಲೇ ಬಂತು ಅಂತ ಪಟ್ಟಿಯಲ್ಲಿದೆ. ಆಧಾರ ಇಲ್ಲ. ಗ್ರೈಂಡ್, ಟ್ಯಾಗ್, ಮಾಡ್, ಸ್ಕ್ರ್ಯಾಚ್, ಆಸಿಡ್ ಎಲ್ಲದಕ್ಕೂ ಇದೇ ಪಾಡು. ದಿಕ್ಕು ಗೊತ್ತುಮಾಡಲು ನೆಚ್ಚಬಹುದಾದ ಕ್ರಮ ಯಾವುದು? ಇನ್ನೊಂದು, ಹ್ಯಾಕರ್ ಅನ್ನುವುದಕ್ಕೆ ಕನ್ನಡದಲ್ಲಿ ‘ಕನ್ನಗಳ್ಳ’ ಅಂತ ಹಾಕಿದ್ದಾರೆ. ಇರಲೋ, ತೆಗೆಯಲೋ?

#2 ಶೂನ್ಯದಿನ

ಕ್ರ್ಯಾಶ್ ತೆಗೆದುಬಿಡಿ. ಕಾಕತಾಳೀಯ ಅಷ್ಟೇ. ಡಿಸ್ಕಿನ ಮೇಲೆ ಕೂದಲೆಳೆಗಿಂತ ತೆಳ್ಳಗಿನ ಅಂತರದಲ್ಲಿ ತೇಲುವ ರೀಡ್ ಹೆಡ್ ಕೆಳಗಿಳಿದು ತಟ್ಟೆಗೆ ಉಜ್ಜಿಕೊಳ್ಳುವುದೇ ಹೆಡ್ ಕ್ರ್ಯಾಶ್. ಕಂಪ್ಯೂಟರಿನವರ ಹಳೆಯ ಪದಕೋಶ ಜಾರ್ಗನ್ ಫೈಲ್ ಈ ಅರ್ಥವನ್ನೇ ಮೂಲ ಅನ್ನುತ್ತದೆ. ಹಿಪ್ಪಿಗಳಿಗೂ ಅದಕ್ಕೂ ಸಂಬಂಧವಿಲ್ಲ, ಇಬ್ಬರೂ ಒಂದೇ ಇಂಗ್ಲಿಷ್ ಕ್ರಿಯಾಪದವನ್ನು ಬೇರೆ ಬೇರೆ ಕಡೆ ಎಳೆದುಕೊಂಡರು.

#3 ಹಳೇಮೋಡೆಮ್

ಪದಪೆಟ್ಟಿಗೆಯವರೇ, ಉಚ್ಚಾರ ಒಂದೇ ಇದೆ ಅಂತ ನೆಂಟಸ್ತಿಕೆ ಕಟ್ಟುವುದು ಈ ಕೆಲಸದ ದೊಡ್ಡ ತಪ್ಪು. ಎರಡು ಸಾಕ್ಷಿ ಇಲ್ಲದೆ ನಾಲ್ಕನೇ ಕಾಲಂ ತುಂಬಲೇಬೇಡಿ.

ಮೊದಲನೆಯದು, ಎರಡೂ ಅರ್ಥಗಳಿಗೆ ತಾರೀಖು ಇರುವ ಬರಹ. ‘ಎಪ್ಪತ್ತರ ದಶಕದಲ್ಲಿ ಹೇಳುತ್ತಿದ್ದರಂತೆ’ ಅನ್ನುವುದು ಸಾಕ್ಷಿಯಲ್ಲ. ಎರಡನೆಯದು, ಆ ಎರಡು ಗುಂಪಿನವರೂ ಒಟ್ಟಿಗೆ ಸೇರಿದ ಜಾಗ. ಪದಗಳು ಗಾಳಿಯಲ್ಲಿ ಹಾರಿ ಬರುವುದಿಲ್ಲ, ಎರಡೂ ಕಡೆ ಕಾಲಿಟ್ಟವನೊಬ್ಬ ಹೊತ್ತುಕೊಂಡು ಹೋಗಬೇಕು.

ಹ್ಯಾಂಡಲ್ ಅನ್ನುವ ಪದ ನೋಡಿ. ಬೇನಾಮಿ ಹೆಸರು ಅನ್ನುವ ಅರ್ಥದಲ್ಲಿ 1970ರ ದಶಕದ ಅಮೆರಿಕದ ಸಿಬಿ ರೇಡಿಯೋದವರು (ಮಾಮೂಲಿ ಜನ ತಮ್ಮತಮ್ಮಲ್ಲೇ ಮಾತಾಡುವ ರೇಡಿಯೋ) ಬಳಸಿ ಬಳಸಿ ಸವೆಸಿದ್ದರು, ಮೊದಲು ಲಾರಿ ಚಾಲಕರು, ಆಮೇಲೆ ಹುಡುಗರು. 1980ರಲ್ಲಿ ಕಾಂಪ್ಯುಸರ್ವ್ ಕಂಪನಿ ತನ್ನ ಹರಟೆ ಸೇವೆ ಶುರುಮಾಡಿದಾಗ ಅದಕ್ಕಿಟ್ಟ ಹೆಸರೇ ಸಿಬಿ ಸಿಮ್ಯುಲೇಟರ್. ಚಾನೆಲ್ಲುಗಳು, ಹ್ಯಾಂಡಲ್ಲುಗಳು, ಎಲ್ಲವೂ ರೇಡಿಯೋದ ನಕಲು. ಇಲ್ಲಿ ತಾರೀಖೂ ಇದೆ, ಸೇತುವೆಯೂ ಇದೆ. ನಾಲ್ಕನೇ ಕಾಲಂ ಧೈರ್ಯವಾಗಿ ತುಂಬಿ.

ಕ್ರ್ಯಾಶ್‌ಗೆ ಈ ಸೇತುವೆ ತೋರಿಸಿ ನೋಡೋಣ. ಆಗಲ್ಲ.

#4 ಬೂಟ್‌ಲೋಡರ್

ಹ್ಯಾಕ್‌ಗೆ ಬೇಕಾದಷ್ಟು ಸಾಕ್ಷಿ ಇದೆ. ಎಂಐಟಿಯ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನ 1955ರ ಏಪ್ರಿಲ್ ತಿಂಗಳ ಸಭೆಯ ನಡಾವಳಿಯಲ್ಲಿ, ವಿದ್ಯುತ್ ವ್ಯವಸ್ಥೆಯ ಮೇಲೆ ‘ಹ್ಯಾಕಿಂಗ್’, ಅಂದರೆ ಕೈಯಾಡಿಸುವ ಕೆಲಸ, ಮಾಡುವವರು ಫ್ಯೂಸ್ ಹಾರದಂತೆ ಮೊದಲು ಕರೆಂಟ್ ಆರಿಸಬೇಕು ಅಂತ ದಾಖಲಾಗಿದೆ. ಕಂಪ್ಯೂಟರಿನ ಸುದ್ದಿಯೇ ಇಲ್ಲ, ಆಟಿಕೆ ರೈಲಿನ ರಿಲೇ ಸ್ವಿಚ್ಚುಗಳು. 1959ರಲ್ಲಿ ಪೀಟರ್ ಸ್ಯಾಮ್ಸನ್ ಆ ಕ್ಲಬ್ಬಿನ ಮಾತುಗಳದ್ದೇ ಒಂದು ಪುಟ್ಟ ಪದಕೋಶ ಬರೆದರು, ಅದರಲ್ಲೂ ಹ್ಯಾಕ್ ಇದೆ. ಅದೇ ಹುಡುಗರು ಟಿಎಕ್ಸ್-0, ಪಿಡಿಪಿ-1 ಕಂಪ್ಯೂಟರುಗಳ ಮುಂದೆ ಕೂತಾಗ ಪದವೂ ಜತೆಗೆ ಹೋಯಿತು.

ಹಾಗಾಗಿ ಇದು ಪಡ್ಡೆ ಕಡೆಯಿಂದ ಕಂಪ್ಯೂಟರ್ ಕಡೆಗೆ. ‘ಕನ್ನಗಳ್ಳ’ ಖಂಡಿತ ತಪ್ಪು, ಮೂಲದಲ್ಲಿ ಕಳ್ಳತನದ ಸುಳಿವೇ ಇಲ್ಲ. ಪತ್ರಿಕೆಯವರು 1980ರ ದಶಕದಲ್ಲಿ ಕೆಡಿಸಿದ್ದು.

#5 ಅಡಿಟಿಪ್ಪಣಿ

ಮೊದಲರ್ಧ ಸರಿ, ಕೊನೆಯ ಮಾತು ತಪ್ಪು. 1963ರ ನವೆಂಬರಿನಲ್ಲೇ ಎಂಐಟಿಯ ವಿದ್ಯಾರ್ಥಿ ಪತ್ರಿಕೆ ‘ದಿ ಟೆಕ್’ ಟೆಲಿಫೋನ್ ಹ್ಯಾಕರ್‌ಗಳ ಬಗ್ಗೆ ವರದಿ ಹಾಕಿತ್ತು. ಲೈನುಗಳನ್ನು ಕಟ್ಟಿಹಾಕಿ ಸಂಸ್ಥೆಗೆ ತೊಂದರೆ ಕೊಟ್ಟವರ ಕುರಿತು. ಅಂದರೆ ಅನುಮತಿ ಇಲ್ಲದೆ ನುಗ್ಗುವ ಅರ್ಥ ಅದೇ ಕ್ಯಾಂಪಸ್ಸಿನಲ್ಲಿ, ಪತ್ರಿಕೆಯವರ ಗದ್ದಲಕ್ಕೆ ಇಪ್ಪತ್ತು ವರ್ಷ ಮೊದಲೇ ಅಚ್ಚಾಗಿತ್ತು. ನುಗ್ಗುವವರಿಗೆ ‘ಕ್ರ್ಯಾಕರ್’ ಅನ್ನುವ ಪದವನ್ನು 1985ರ ಸುಮಾರಿಗೆ ಹ್ಯಾಕರ್‌ಗಳೇ ಎರಡನ್ನೂ ಬೇರೆ ಮಾಡಲು ತಂದರು. ಜನ ಹಿಡಿಯಲಿಲ್ಲ.

#6 ಬೂಟ್‌ಲೋಡರ್

ಒಪ್ಪಿದೆ. ಆದರೂ ಕನ್ನಗಳ್ಳ ಬೇಡ. ಎರಡು ಅರ್ಥ ಇರುವ ಪದಕ್ಕೆ ಒಂದೇ ಅರ್ಥದ ಕನ್ನಡ ಪದ ಹಾಕಿದರೆ ಓದುವವರಿಗೆ ಅರ್ಧ ಸತ್ಯ ಕೊಟ್ಟ ಹಾಗೆ.

#7 ಕೊನೆಸಾಲು

ಹ್ಯಾಕರ್ ಅಂತಲೇ ಬಿಡಿ, ಕೆಳಗೆ ಅರ್ಥ 1, ಅರ್ಥ 2 ಕೊಡಿ. ಬಸ್ಸು ಅಂತ ಬರೆಯಲು ಹಿಂಜರಿಯದವರು ಹ್ಯಾಕರಿಗೆ ಯಾಕೆ ಹೆದರಬೇಕು.

#8 ಚಕ್ರಹಲಗೆ

ಸ್ಕೇಟ್‌ಬೋರ್ಡ್ ಕಡೆಯ ಪದಗಳನ್ನು ಒಟ್ಟಿಗೆ ವಿಲೇವಾರಿ ಮಾಡಿಬಿಡೋಣ.

ಗ್ರೈಂಡ್: ಸ್ಕೇಟಿನಲ್ಲಿ ಚಕ್ರದ ಮೇಲಿನ ಲೋಹದ ಅಚ್ಚು, ಅಂದರೆ ಟ್ರಕ್, ಕಂಬಿಯ ಅಥವಾ ಕಟ್ಟೆಯ ಅಂಚಿಗೆ ಉಜ್ಜುತ್ತಾ ಜಾರುವುದು. ಗೇಮಿನಲ್ಲಿ ಒಂದೇ ಕೆಲಸವನ್ನು ನೂರು ಸಲ ಮಾಡಿ ಲೆವೆಲ್ ಏರಿಸುವುದು. ಮೊದಲನೆಯದು ಉಜ್ಜುವ ಅರ್ಥದಿಂದ, ಎರಡನೆಯದು ಬೀಸುಕಲ್ಲಿನ ದುಡಿಮೆಯ ಅರ್ಥದಿಂದ. ನೆಂಟಸ್ತಿಕೆ ಇಲ್ಲ.

ಶ್ರೆಡ್: ಸ್ಕೇಟ್, ಸರ್ಫ್, ಗಿಟಾರಿನವರಿಗೆ ಅಬ್ಬರಿಸಿ ಆಡುವುದು. ಫೈಲನ್ನು ಮತ್ತೆ ಸಿಗದಂತೆ ಅಳಿಸುವ ಲಿನಕ್ಸಿನ ಶ್ರೆಡ್ ಆಜ್ಞೆ ಕಾಗದ ಚೂರುಮಾಡುವ ಯಂತ್ರದಿಂದ. ಏನೂ ಹೇಳದಿದ್ದರೆ ಫೈಲಿನ ಮೇಲೆ 3 ಸಲ ಬೇರೆ ದತ್ತಾಂಶ ತುಂಬುತ್ತದೆ. ಎಸ್‌ಎಸ್‌ಡಿಯಲ್ಲಿ ಇದನ್ನು ನಂಬಬೇಡಿ, ಆ ಡ್ರೈವ್ ಹೊಸ ಬರಹವನ್ನು ಬೇರೆ ಜಾಗಕ್ಕೆ ಹಾಕುತ್ತದೆ, ಹಳೆಯದು ಚಿಪ್ಪಿನೊಳಗೆ ಹಾಗೇ ಉಳಿಯಬಹುದು. ಇದೂ ಕಾಕತಾಳೀಯ.

ಸರ್ಫಿಂಗ್ ಮಾತ್ರ ನಿಜವಾದ ಎರವಲು. 1992ರ ಫೆಬ್ರವರಿಯಲ್ಲಿ ಮಾರ್ಕ್ ಮೆಕಾಹಿಲ್ ಯೂಸ್‌ನೆಟ್ ಅನ್ನುವ ಹಳೆಯ ಚರ್ಚಾಜಾಲದಲ್ಲಿ ಬಳಸಿದ್ದಾರೆ. ಅದೇ ವರ್ಷ ಗ್ರಂಥಪಾಲಕಿ ಜೀನ್ ಆರ್ಮರ್ ಪಾಲಿ ಅವರ ಲೇಖನದ ಶೀರ್ಷಿಕೆಯೇ ‘ಸರ್ಫಿಂಗ್ ದಿ ಇಂಟರ್ನೆಟ್’. ಅವರ ಮೌಸ್ ಪ್ಯಾಡ್ ಮೇಲೆ ಅಲೆಯ ಮೇಲೆ ನಿಂತವನ ಚಿತ್ರ ಇತ್ತು, ಪದ ಅಲ್ಲಿಂದ ಹೊಳೆಯಿತು.

#9 ಶೂನ್ಯದಿನ

ಟಿವಿ ಚಾನೆಲ್ ಸರ್ಫಿಂಗ್ 1980ರ ದಶಕದಲ್ಲೇ ಇತ್ತಲ್ಲ? ಸಮುದ್ರದಿಂದ ಟಿವಿಗೆ, ಟಿವಿಯಿಂದ ನೆಟ್‌ಗೆ ಅಂತ ಬರೆಯಿರಿ. ನಡುವಿನ ಮೆಟ್ಟಿಲು ಬಿಡಬಾರದು.

#10 ಚಕ್ರಹಲಗೆ

ಮೌಸ್ ಪ್ಯಾಡಿನ ಚಿತ್ರದಲ್ಲಿ ಇದ್ದದ್ದು ಅಲೆ, ರಿಮೋಟ್ ಅಲ್ಲ. ಪಾಲಿ ಅವರ ಮಟ್ಟಿಗೆ ನೇರ ಸಮುದ್ರದಿಂದಲೇ. ಆದರೆ ಓದಿದವರು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಟಿವಿ ಕಾರಣ ಇರಬಹುದು, ಅಷ್ಟಕ್ಕೆ ನನ್ನ ತಕರಾರಿಲ್ಲ.

#11 ಗೋಡೆಬರಹ

ಟ್ಯಾಗ್ ಕೂಡ ಕಾಕತಾಳೀಯದ ಕಡೆಗೆ ಹಾಕಿ. ಗ್ರಾಫಿಟಿಯವನ ಟ್ಯಾಗ್ ಅಂದರೆ ಅವನ ರುಜು. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಟ್ಯಾಗ್ ಬಂದದ್ದು 1969ರಲ್ಲಿ ಐಬಿಎಂನಲ್ಲಿ ಶುರುವಾದ ಜಿಎಂಎಲ್ ಪರಂಪರೆಯಿಂದ. ಎರಡಕ್ಕೂ ಅಜ್ಜಿ ಒಬ್ಬಳೇ, ಸಾಮಾನಿಗೆ ಕಟ್ಟುವ ಹೆಸರುಚೀಟಿ.

ಪದಕ್ಕಿಂತ ಹೆಚ್ಚಾಗಿ ನಡಾವಳಿ ಹೋಲುವುದನ್ನು ಗಮನಿಸಿ. ಗ್ರಾಫಿಟಿಯಲ್ಲಿ ಹೊಸಬ, ಕೈ ಪಳಗದವನು ‘ಟಾಯ್’. ಇನ್ನೊಬ್ಬರ ಶೈಲಿ ಕದ್ದರೆ ‘ಬೈಟ್’. ಕಟ್ಟಿಕೊಂಡ ತಂಡ ‘ಕ್ರೂ’. ಅಮಿಗಾ, ಕಮೊಡೋರ್ 64 ಅನ್ನುವ ಮನೆ ಕಂಪ್ಯೂಟರುಗಳ ಕಾಲದ ಹುಡುಗರ ಲೋಕದಲ್ಲಿ ಅದೇ ಮೂರು ಜಾಗದಲ್ಲಿ ‘ಲೇಮರ್’, ‘ರಿಪ್ಪರ್’, ‘ಗ್ರೂಪ್’. ಪದ ಬೇರೆ, ಮರ್ಯಾದೆಯ ಲೆಕ್ಕ ಒಂದೇ. ಪಟ್ಟಿಯಲ್ಲಿ ಇದಕ್ಕೊಂದು ಐದನೇ ಕಾಲಂ ಬೇಕು.

#12 ನಾಲ್ಕುಕೆಬಿ

ಗೋಡೆಬರಹ ಹೇಳಿದ್ದು ನೂರಕ್ಕೆ ನೂರು. ಡೆಮೋಸೀನ್ ಗೊತ್ತಿಲ್ಲದವರಿಗೆ: ಗೇಮಿನ ಕಾಪಿ ರಕ್ಷಣೆ ಒಡೆದ ಗುಂಪು, ಗೇಮ್ ಶುರುವಾಗುವ ಮುಂಚೆ ತನ್ನ ಹೆಸರು, ಸಂಗೀತ, ಓಡುವ ಅಕ್ಷರಗಳ ಒಂದು ಪುಟ್ಟ ಕಾರ್ಯಕ್ರಮ ಅಂಟಿಸುತ್ತಿತ್ತು. ಅದು ಕ್ರ್ಯಾಕ್‌ಟ್ರೋ. ಅಕ್ಷರಶಃ ಗೋಡೆಯ ಮೇಲಿನ ರುಜು. ಅದರಲ್ಲಿ ‘ಗ್ರೀಟಿಂಗ್ಸ್’ ಅಂತ ಗೆಳೆಯ ಗುಂಪುಗಳ ಹೆಸರು, ಕೆಳಗೆ ಆಗದವರಿಗೆ ಲೇಮರ್ ಅಂತ ಬೈಗುಳ. ಫ್ಲಾಪಿಯಲ್ಲಿ ಗೇಮ್ ಹೋಗಿ ಉಳಿದ ಚೂರು ಜಾಗದಲ್ಲಿ ಇದೆಲ್ಲ ತುರುಕಬೇಕಿತ್ತು, ಹಾಗಾಗಿ ಕೋಡನ್ನು ಹಿಂಡಿ ಚಿಕ್ಕದು ಮಾಡುವುದೇ ಪೈಪೋಟಿಯಾಯಿತು. ಆಮೇಲೆ ಗೇಮ್ ಬಿಟ್ಟುಹೋಯಿತು, ಕಲೆ ಉಳಿಯಿತು, ಅದೇ ಡೆಮೋಸೀನ್. 4,096 ಬೈಟ್, 65,536 ಬೈಟ್ ಮಿತಿಯ ಸ್ಪರ್ಧೆಗಳು ಈಗಲೂ ನಡೆಯುತ್ತವೆ. ಫಿನ್ಲೆಂಡಿನ ‘ಅಸೆಂಬ್ಲಿ’ ಅನ್ನುವ ಸ್ಪರ್ಧಾಕೂಟ 1992ರಿಂದ ಇದೆ, 2020ರಲ್ಲಿ ಫಿನ್ಲೆಂಡ್ ಡೆಮೋಸೀನನ್ನು ತನ್ನ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಲೇಮರ್‌ಗೆ ತಾರೀಖು ಬೇಕಾ? 1989ರಲ್ಲಿ ಅಮಿಗಾಗೆ ಬಂದ ವೈರಸ್ಸಿನ ಹೆಸರೇ ಲೇಮರ್ ಎಕ್ಸ್‌ಟರ್ಮಿನೇಟರ್. ಫ್ಲಾಪಿಯ ಬ್ಲಾಕುಗಳ ಮೇಲೆ ‘ಲೇಮರ್!’ ಅಂತ ಸಾಲುಸಾಲಾಗಿ ಬರೆದು ದತ್ತಾಂಶ ಅಳಿಸುತ್ತಿತ್ತು.

ಮಾಡ್ ಅನ್ನುವುದನ್ನು ದಯವಿಟ್ಟು ಒಂದೇ ನಮೂದು ಮಾಡಬೇಡಿ. 1960ರ ಬ್ರಿಟನ್ನಿನ ಮಾಡ್ ಹುಡುಗರು ‘ಮಾಡರ್ನಿಸ್ಟ್’ನಿಂದ. ಅಮಿಗಾದ ಮಾಡ್ ಸಂಗೀತ ಫೈಲು ‘ಮಾಡ್ಯೂಲ್’ನಿಂದ, 1987ರ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಜತೆ ಬಂದದ್ದು, 4 ಚಾನೆಲ್, ಮೊದಲು 15 ವಾದ್ಯ, ಆಮೇಲೆ 31. ಗೇಮ್ ಮಾಡ್ ‘ಮಾಡಿಫಿಕೇಶನ್’ನಿಂದ. ವೇದಿಕೆಯ ಮಾಡ್ ‘ಮಾಡರೇಟರ್’ನಿಂದ. ನಾಲ್ಕು ಬೇರು, ತಲೆ ಮಾತ್ರ ಒಂದೇ ಥರ ಕತ್ತರಿಸಿದ್ದು.

#13 ಕೊನೆಸಾಲು

ಕೋರ್ ಕೂಡ ಹಾಗೇ. ಕ್ರ್ಯಾಶ್ ಆದಾಗ ತೆಗೆದಿಡುವ ಮೆಮೊರಿಯ ನಕಲು, ಕೋರ್ ಡಂಪ್, ಬಂದದ್ದು ಕಾಂತದ ಉಂಗುರ ಪೋಣಿಸಿದ ಹಳೆಯ ಕೋರ್ ಮೆಮೊರಿಯಿಂದ. ಹಳ್ಳಿಮನೆ ಶೈಲಿಗೆ ಅನ್ನುವ ಕಾಟೇಜ್‌ಕೋರ್ ಥರದ ಬಾಲಂಗೋಚಿ ಬಂದದ್ದು ಹಾರ್ಡ್‌ಕೋರ್ ಪಂಕ್‌ನಿಂದ.

#14 ಹಳೇಮೋಡೆಮ್

ಫೋನಿನ ಹಾದಿ ಮರೆಯಬೇಡಿ, ಈ ಇಡೀ ಪಟ್ಟಿಯಲ್ಲಿ ಅತಿ ಚೆನ್ನಾಗಿ ಸಾಕ್ಷಿ ಇರುವ ಸರಪಳಿ ಅದು. ‘ಫ್ರೀಕ್’ ಅಂತ 1960ರ ದಶಕದ ಹಿಪ್ಪಿಗಳು ತಮ್ಮನ್ನು ತಾವೇ ಹೆಮ್ಮೆಯಿಂದ ಕರೆದುಕೊಳ್ಳುತ್ತಿದ್ದರು. ಟೆಲಿಫೋನಿನ ಗೀಳು ಹತ್ತಿಸಿಕೊಂಡ ಹುಡುಗರು ಅದಕ್ಕೆ ಫೋನ್ ಪದದ ಮೊದಲೆರಡು ಅಕ್ಷರ, ಪಿ ಮತ್ತು ಎಚ್, ಜೋಡಿಸಿ ಫೋನ್ ಫ್ರೀಕ್ ಆದರು. 1971ರ ಅಕ್ಟೋಬರಿನ ಎಸ್ಕ್ವೈರ್ ಪತ್ರಿಕೆಯಲ್ಲಿ ರಾನ್ ರೋಸನ್‌ಬಾಮ್ ಬರೆದ ಲೇಖನದಿಂದ ಆ ಕಾಗುಣಿತ ಜಗತ್ತಿಗೆ ಗೊತ್ತಾಯಿತು.

ಅವರ ತಂತ್ರ ನಡೆಯುತ್ತಿದ್ದುದು ಯಾಕೆ ಅಂದರೆ, ಆಗ ಟ್ರಂಕ್ ಲೈನಿನಲ್ಲಿ ಮಾತೂ ಸಂಕೇತವೂ ಒಂದೇ ತಂತಿಯಲ್ಲಿ ಹೋಗುತ್ತಿದ್ದವು. 2600 ಹರ್ಟ್ಸ್ ಸ್ವರ ಕೇಳಿದರೆ ವಿನಿಮಯ ಕೇಂದ್ರ ಲೈನ್ ಖಾಲಿ ಇದೆ ಅಂದುಕೊಳ್ಳುತ್ತಿತ್ತು. ಸೀಟಿ ಊದಿದರೂ ಸಾಕು. ಸಂಕೇತವನ್ನು ಬೇರೆಯೇ ಲೈನಿಗೆ ಹಾಕಿದ ಮೇಲೆ ಆಟ ಮುಗಿಯಿತು. ಆದರೆ ಆ ಸ್ವರದ ಹೆಸರೂ ಕಾಗುಣಿತವೂ ಉಳಿದವು: 1984ರಲ್ಲಿ 2600 ಅನ್ನುವ ಪತ್ರಿಕೆ, 1985ರ ನವೆಂಬರಿನಲ್ಲಿ ಫ್ರೀಕ್ ಮತ್ತು ಹ್ಯಾಕ್ ಎರಡೂ ಸೇರಿದ ‘ಫ್ರ್ಯಾಕ್’, 1990ರ ದಶಕದ ನಡುವೆ ಎಒಎಲ್ ಗ್ರಾಹಕರ ಪಾಸ್‌ವರ್ಡ್‌ಗೆ ಗಾಳ ಹಾಕಿದವರ ‘ಫಿಶಿಂಗ್’. ಬ್ಯಾಂಕಿನವರು ಕಳಿಸುವ ಎಚ್ಚರಿಕೆಯಲ್ಲಿ ಇವತ್ತು ಮೀನು ಹಿಡಿಯುವ ಪದ ಆ ಕಾಗುಣಿತದಲ್ಲಿ ಇರುವುದಕ್ಕೆ ಹಿಪ್ಪಿಗಳು ಕಾರಣ. ಕನ್ನಡದಲ್ಲಿ ಬರೆದಾಗ ಈ ಗುರುತು ಪೂರ್ತಿ ಮಾಸಿಹೋಗುತ್ತದೆ, ಆದ್ದರಿಂದ ಟಿಪ್ಪಣಿಯಲ್ಲಿ ಕಾಗುಣಿತ ವಿವರಿಸಲೇಬೇಕು.

#15 ಪದಪೆಟ್ಟಿಗೆ

ಇದು ತುಂಬ ಉಪಕಾರವಾಯಿತು. ಕಾಗುಣಿತದ ವಿಷಯ ಬಂತು, ಅಕ್ಷರದ ಜಾಗದಲ್ಲಿ ಅಂಕಿ ಹಾಕಿ ಬರೆಯುವ ಲೀಟ್ ಮಾತನ್ನು ಹುಡುಕುವುದು ಹೇಗೆ? ಹಳೆಯ ಫೈಲುಗಳಲ್ಲಿ ಮಾಮೂಲಿ ಕಾಗುಣಿತ ಹಾಕಿದರೆ ಏನೂ ಸಿಗುತ್ತಿಲ್ಲ.

#16 ಶೂನ್ಯದಿನ

ಅಂಕಿಗಳಿಗೆ ಬದಲಿ ಕೊಟ್ಟು ಹುಡುಕಬೇಕು. ಇಂಗ್ಲಿಷಿನ ‘ಓ’ಗೆ 0, ‘ಎಲ್’ ಮತ್ತು ‘ಐ’ಗೆ 1, ‘ಇ’ಗೆ 3, ‘ಎ’ಗೆ 4, ‘ಎಸ್’ಗೆ 5, ‘ಟಿ’ಗೆ 7. ಪ್ರತಿ ಜಾಗದಲ್ಲೂ ಅಕ್ಷರ ಅಥವಾ ಅಂಕಿ ಯಾವುದಾದರೂ ಸರಿ ಅಂತ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಮಾದರಿ ಕೊಟ್ಟು ಹುಡುಕುವ ಕ್ರಮ) ಚೌಕ ಕಂಸ ಹಾಕಿ, ದೊಡ್ಡಕ್ಷರ ಚಿಕ್ಕಕ್ಷರ ಭೇದ ಆಫ್ ಮಾಡಿ. ಬಹುವಚನದ ಎಸ್ ಜಾಗದಲ್ಲಿ ಝಡ್ ಇರುತ್ತದೆ, ಕದ್ದ ಸಾಫ್ಟ್‌ವೇರ್ ಅನ್ನುವ ಅರ್ಥದ ‘ವೇರೆಜ್’ ಹುಟ್ಟಿದ್ದು ಹಾಗೆ. ಹಳೆಯ ಫೈಲಲ್ಲಿ ಸಾಲಿನ ಕೊನೆಯ ಗುರುತು ಬೇರೆ ಥರ ಇದ್ದು, ಪದದ ಕೊನೆಗೆ ಕಾಣದ ಒಂದು ಅಕ್ಷರ ಅಂಟಿರುತ್ತದೆ. ಸಾಲಿನ ಕೊನೆಯಲ್ಲಿರುವ ಪದ ಸಿಗದಿದ್ದರೆ ಅದೇ ಕಾರಣ, ಮೊದಲು ಅದನ್ನು ತೆಗೆದುಹಾಕಿ.

31337 ಅಂದರೆ ‘ಎಲೀಟ್’. ಅದಕ್ಕೆ ಇನ್ನೊಬ್ಬರ ಕಂಪ್ಯೂಟರನ್ನು ದೂರದಿಂದ ನಡೆಸುವ 1998ರ ಬ್ಯಾಕ್ ಓರಿಫಿಸ್ ಅನ್ನುವ ಸಾಧನ ತನ್ನ ಯುಡಿಪಿ ಪೋರ್ಟಾಗಿ, ಅಂದರೆ ನೆಟ್‌ವರ್ಕಿನ ಬಾಗಿಲ ಸಂಖ್ಯೆಯಾಗಿ, 31337 ಇಟ್ಟುಕೊಂಡಿತು. ಅಂದರೆ ಹುಡುಗರ ಕಾಗುಣಿತ ನೇರ ನೆಟ್‌ವರ್ಕ್ ಕಾವಲಿನ ನಿಯಮಗಳಿಗೇ ಹೊಕ್ಕಿತು. ಎದುರಾಳಿಯನ್ನು ಸೋಲಿಸುವುದಕ್ಕೆ ಅನ್ನುವ, ‘ಪೋನ್’ ಅಂತ ಉಚ್ಚರಿಸುವ ಪದ ‘ಓನ್’ ಬರೆಯುವಾಗ ಬೆರಳು ಜಾರಿ ಆದದ್ದು, ಕೀಬೋರ್ಡಿನಲ್ಲಿ ಓ ಪಕ್ಕದಲ್ಲೇ ಪಿ ಇದೆ. ‘ವೂಟ್’ ಅನ್ನುವ ಖುಷಿಯ ಕೇಕೆಯನ್ನು ನಡುವೆ ಎರಡು ಸೊನ್ನೆ ಸಮೇತ ಮೆರಿಯಮ್ ವೆಬ್‌ಸ್ಟರ್‌ನವರು 2007ರ ವರ್ಷದ ಪದ ಮಾಡಿದರು.

ಮತ್ತೆ, ಹೆಸರಿಗೆ ತಕ್ಕ ಹಾಗೆ ಇದೊಂದು ಹೇಳಲೇಬೇಕು: ‘ಜೀರೋ ಡೇ’ ಮೊದಲು ವೇರೆಜ್ ಹುಡುಗರ ಪದ. ಸಾಫ್ಟ್‌ವೇರ್ ಬಿಡುಗಡೆಯಾದ ದಿನವೇ ಕದ್ದ ಪ್ರತಿ ಸಿಕ್ಕರೆ ಅದು 0 ದಿನ. ಭದ್ರತೆಯವರು ಎಣಿಸುವುದು ಬೇರೆ, ತೂತು ಮುಚ್ಚಲು ತಯಾರಕರಿಗೆ ಸಿಕ್ಕ ದಿನಗಳು ಎಷ್ಟು ಅಂತ. ಎಣಿಕೆಯ ವಿಧಾನ ಉಳಿದು ಎಣಿಸುವ ವಸ್ತು ಬದಲಾಯಿತು.

#17 ಡಾಟ್‌ಫೈಲ್

ರೈಸ್ ಅನ್ನುವ ನಮೂದಿಗೆ ಎಚ್ಚರಿಕೆ ಗುರುತು ಹಾಕಿ. ಲಿನಕ್ಸ್ ಡೆಸ್ಕ್‌ಟಾಪ್ ಸಿಂಗರಿಸುವುದಕ್ಕೆ ‘ರೈಸಿಂಗ್’ ಅನ್ನುತ್ತಾರೆ. ಬಂದದ್ದು ಕಾರು ಸಿಂಗರಿಸುವ ಹುಡುಗರ ಲೋಕದಿಂದ. ಅದಕ್ಕೂ ಹಿಂದೆ ಜಪಾನಿ ಬೈಕು ಕಾರುಗಳನ್ನು ‘ಅಕ್ಕಿ ಸುಡುವ ಗಾಡಿ’ ಅಂತ ಹೀಯಾಳಿಸಿದ ಜನಾಂಗೀಯ ಬೈಗುಳ. ‘ರೇಸ್ ಇನ್ಸ್‌ಪೈರ್ಡ್ ಕಾಸ್ಮೆಟಿಕ್ ಎನ್‌ಹಾನ್ಸ್‌ಮೆಂಟ್’ ಅನ್ನುವುದರ ಚಿಕ್ಕ ರೂಪ ಅಂತ ಹೇಳುವುದು ಆಮೇಲೆ ಹೊಲಿದ ತೇಪೆ, ಅದನ್ನು ಮೂಲ ಅಂತ ಹಾಕಬೇಡಿ.

ಕಾರಿನ ಲೋಕದಲ್ಲಿ ರೈಸರ್ ಅಂದರೆ ಎಂಜಿನ್ ಮುಟ್ಟದೆ ಬರೀ ರೆಕ್ಕೆ, ಸ್ಟಿಕ್ಕರ್ ಅಂಟಿಸಿದವನು. ಡೆಸ್ಕ್‌ಟಾಪಿನಲ್ಲೂ ಅದೇ, ಕರ್ನಲ್ ಮುಟ್ಟುವುದಿಲ್ಲ, ವಿಂಡೋ ಮ್ಯಾನೇಜರ್, ಬಾರ್, ಬಣ್ಣ, ಫಾಂಟ್ ಅಷ್ಟೇ. ಇನ್ನೊಬ್ಬರ ಡಾಟ್‌ಫೈಲ್, ಅಂದರೆ ಸೆಟ್ಟಿಂಗ್ ಫೈಲ್, ಹಾಗೇ ತಂದು ಹಾಕಿದರೆ ಬಾರಿನ ತುಂಬ ಖಾಲಿ ಚೌಕ ಕಾಣುತ್ತದೆ. ಕಾರಣ, ಚಿಹ್ನೆಗಳು ನರ್ಡ್ ಫಾಂಟ್ಸ್ ಕೂಡಿಸಿದ ಫಾಂಟಿನಲ್ಲಿ ಮಾತ್ರ ಇರುತ್ತವೆ. ಫಾಂಟ್ ಹಾಕಿ, ಫಾಂಟ್ ಕ್ಯಾಶ್ ಹೊಸದು ಮಾಡಿ, ಟರ್ಮಿನಲ್ಲಿನ ಕಾನ್ಫಿಗ್‌ನಲ್ಲಿ ಅದರ ಪೂರ್ತಿ ಹೆಸರು ಬರೆಯಿರಿ.

#18 ಅಡಿಟಿಪ್ಪಣಿ

ನರ್ಡ್ ಅಂದಿರಿ, ಅದೂ ಪಟ್ಟಿಯಲ್ಲಿ ಇದೆಯಲ್ಲ. 1951ರ ನ್ಯೂಸ್‌ವೀಕ್ ಅದನ್ನು ಡೆಟ್ರಾಯಿಟಿನ ಹುಡುಗರ ಮಾತು ಅಂತ ದಾಖಲಿಸಿದೆ. ಅರ್ಥ ‘ಸಪ್ಪೆ ಮನುಷ್ಯ’. ಕಂಪ್ಯೂಟರಿಗೆ ಅಂಟಿಕೊಂಡದ್ದು ಎಷ್ಟೋ ಆಮೇಲೆ.

#19 ಗೋಡೆಬರಹ

ಸ್ಕ್ರ್ಯಾಚ್ ಬಗ್ಗೆ ಯಾರೂ ಹೇಳಿಲ್ಲ. ಇಲ್ಲಿ ಮೂರು ಬೇರೆ ಬೇರೆ ಇವೆ, ಮಧ್ಯದ್ದು ಮಾತ್ರ ಪಡ್ಡೆ ಲೋಕದ್ದು. ಸ್ಕ್ರ್ಯಾಚ್ ಡಿಸ್ಕ್ ಅಂದರೆ ತಾತ್ಕಾಲಿಕ ಜಾಗ, ಕಚ್ಚಾ ಬರಹದ ಸ್ಕ್ರ್ಯಾಚ್ ಪ್ಯಾಡಿನಿಂದ. ಮಕ್ಕಳಿಗೆ ಕೋಡ್ ಕಲಿಸುವ ಸ್ಕ್ರ್ಯಾಚ್, ಎಂಐಟಿ ಮೀಡಿಯಾ ಲ್ಯಾಬಿನಿಂದ 2007ರಲ್ಲಿ ಸಾರ್ವಜನಿಕವಾದದ್ದು, ಹಿಪ್‌ಹಾಪ್ ಡಿಜೆಗಳು ತಟ್ಟೆಯನ್ನು ಹಿಂದೆ ಮುಂದೆ ಎಳೆದು ಹೊಸ ಸದ್ದು ಕಟ್ಟುವ ಕಲೆಯ ಹೆಸರನ್ನು ತಿಳಿದೇ ಇಟ್ಟುಕೊಂಡದ್ದು. ಅದಕ್ಕೇ ಅಲ್ಲಿ ಇನ್ನೊಬ್ಬರ ಪ್ರಾಜೆಕ್ಟ್ ತೆಗೆದುಕೊಳ್ಳುವ ಗುಂಡಿಯ ಮೇಲೆ ‘ರೀಮಿಕ್ಸ್’ ಅಂತ ಇದೆ, ‘ಕಾಪಿ’ ಅಂತ ಅಲ್ಲ. ಮೂರನೆಯದು ‘ಫ್ರಮ್ ಸ್ಕ್ರ್ಯಾಚ್’, ಓಟದ ಆರಂಭಕ್ಕೆ ನೆಲದಲ್ಲಿ ಗೀಚುತ್ತಿದ್ದ ಗೆರೆ.

#20 ಕೊನೆಸಾಲು

ಎದುರು ದಿಕ್ಕಿಗೆ ಹೋದದ್ದಕ್ಕೆ ನನ್ನ ಪ್ರಕಾರ ಅತ್ಯುತ್ತಮ ಉದಾಹರಣೆ ವೇಪರ್‌ವೇವ್. ಘೋಷಣೆ ಮಾಡಿ ಹೊರಗೇ ಬಿಡದ ಸಾಫ್ಟ್‌ವೇರಿಗೆ 1980ರ ದಶಕದ ಆರಂಭದಲ್ಲಿ ‘ವೇಪರ್‌ವೇರ್’ ಅನ್ನುತ್ತಿದ್ದರು. 1983ರಲ್ಲಿ ಎಸ್ತರ್ ಡೈಸನ್ ತಮ್ಮ ಸುದ್ದಿಪತ್ರದಲ್ಲಿ ಬಳಸಿ ಹಬ್ಬಿಸಿದರು. 2010ರ ಆಸುಪಾಸಿನಲ್ಲಿ ಹಳೆಯ ಜಾಹೀರಾತು ಸಂಗೀತವನ್ನು ನಿಧಾನ ಮಾಡಿ ಕಟ್ಟಿದ ಹುಡುಗರ ಪ್ರಕಾರಕ್ಕೆ ಅದೇ ಹೆಸರು ತಿರುಚಿ ಬಂತು.

#21 ಚಕ್ರಹಲಗೆ

ಹಾಗೆ ಎದುರು ಹೋದವು ಈಗ ಎಷ್ಟೊಂದು. ಮಾತಿಗೆ ತಡವಾಗಿ ಉತ್ತರಿಸಿದರೆ ‘ಲ್ಯಾಗ್ ಆಗ್ತಿದ್ದಾನೆ’. ಸ್ವಂತ ಬುದ್ಧಿ ಇಲ್ಲದವನು ‘ಎನ್‌ಪಿಸಿ’ (ಆಟಗಾರ ಆಡಿಸದ ಪಾತ್ರ), ಅದು ಕಾಗದ ಪೆನ್ನಿನ ಪಾತ್ರಾಭಿನಯ ಆಟದಿಂದ ಕಂಪ್ಯೂಟರ್ ಗೇಮಿಗೆ, ಅಲ್ಲಿಂದ ಬೀದಿಗೆ. ಆದರೆ ‘ಗ್ಲಿಚ್’ ಹುಡುಗರು ಕಂಪ್ಯೂಟರಿನಿಂದ ತಗೊಂಡರೂ ಅದು ಕಂಪ್ಯೂಟರಿನ ಸ್ವಂತ ಆಸ್ತಿಯಲ್ಲ, ರೇಡಿಯೋದವರು 1940ರ ದಶಕದಲ್ಲೇ ಬಳಸುತ್ತಿದ್ದರು.

#22 ಬೂಟ್‌ಲೋಡರ್

ಗ್ರೋಕ್ ಸೇರಿಸಿದ್ದೀರಾ? 1961ರ ಹೈನ್‌ಲೈನ್ ಕಾದಂಬರಿಯಲ್ಲಿ ಮಂಗಳ ಗ್ರಹದವರ ಪದ, ಅಕ್ಷರಾರ್ಥ ‘ಕುಡಿ’. ಹಿಪ್ಪಿಗಳೂ ಎತ್ತಿಕೊಂಡರು, ಪ್ರೋಗ್ರಾಮರ್‌ಗಳೂ ಎತ್ತಿಕೊಂಡರು. ‘ನನಗೆ ಆ ಭಾಷೆ ಗೊತ್ತು’ ಬೇರೆ, ‘ಗ್ರೋಕ್ ಆಗಿದೆ’ ಬೇರೆ. ಎರಡನೆಯದರಲ್ಲಿ ರಕ್ತಕ್ಕೆ ಇಳಿದಿದೆ ಅನ್ನುವ ಭಾವ. ಸ್ಲ್ಯಾಕ್‌ವೇರ್ ಕೂಡ ಬರೆಯಿರಿ: 1993ರ ಲಿನಕ್ಸ್ ವಿತರಣೆ, ಹೆಸರು ಚರ್ಚ್ ಆಫ್ ದಿ ಸಬ್‌ಜೀನಿಯಸ್ ಅನ್ನುವ ಅಣಕು ಧರ್ಮದ ‘ಸ್ಲ್ಯಾಕ್’ ತತ್ವದಿಂದ.

#23 ಶೂನ್ಯದಿನ

ಗ್ರೋಕ್ ಇಬ್ಬರೂ ಒಂದೇ ಪುಸ್ತಕದಿಂದ ತಗೊಂಡರೆ ಅದು ಎರವಲು ಹೇಗಾಯಿತು? ಹಿಪ್ಪಿಗಳಿಂದ ಪ್ರೋಗ್ರಾಮರಿಗೆ ಅಂತ ಬಾಣ ಹಾಕುವ ಹಾಗಿಲ್ಲ.

#24 ಬೂಟ್‌ಲೋಡರ್

ಸರಿ. ‘ಒಂದೇ ಮೂಲ, ಎರಡು ಕವಲು’ ಅಂತ ಇನ್ನೊಂದು ಬಗೆ ಮಾಡಿ.

#25 ಡಾಟ್‌ಫೈಲ್

ಬೇಕೆಂತಲೇ ಮಾಡಿದ ಶ್ಲೇಷೆಗೂ ಒಂದು ಬಗೆ ಬೇಕು. ಚಿತ್ರದಲ್ಲಿ ವಸ್ತು ಗುರುತಿಸುವ ಯೋಲೋ 2015ರದು. ಹುಡುಗರ ‘ಬದುಕುವುದು ಒಂದೇ ಸಲ’ ಆಗ ಊರೆಲ್ಲ ಓಡಾಡುತ್ತಿತ್ತು, ಸಂಶೋಧಕರು ಅದನ್ನು ‘ನೋಡುವುದು ಒಂದೇ ಸಲ’ ಮಾಡಿದರು. ಹೆಸರು ಕೆಲಸಕ್ಕೂ ಸರಿಹೊಂದುತ್ತದೆ: ಮೊದಲ ಆವೃತ್ತಿ 448×448 ಚಿತ್ರವನ್ನು 7×7 ಮನೆಗಳಾಗಿ ಹಂಚಿ, ನೆಟ್‌ವರ್ಕಿನ ಮೂಲಕ ಒಂದೇ ಸುತ್ತು ಕಳಿಸಿ ಎಲ್ಲ ವಸ್ತುಗಳನ್ನೂ ಹೇಳುತ್ತಿತ್ತು. ಪುಟ್ಟ ವಸ್ತುಗಳು ಗುಂಪಾಗಿದ್ದರೆ ಸೋಲುತ್ತಿತ್ತು, ಒಂದು ಮನೆಗೆ ಒಂದೇ ವರ್ಗ ಅನ್ನುವ ಕಟ್ಟು ಇತ್ತಲ್ಲ.

ಡೇಟಾಬೇಸಿನ ಆಸಿಡ್ ಮಾತ್ರ ಎಲ್‌ಎಸ್‌ಡಿ ಮಾದಕಕ್ಕೆ ಆಸಿಡ್ ಅನ್ನುತ್ತಿದ್ದ ಹಿಪ್ಪಿಗಳಿಗೆ ಕೊಡಬೇಡಿ. ಅದು 1983ರಲ್ಲಿ ಹಾರ್ಡರ್, ರಾಯ್ಟರ್ ಇಬ್ಬರು ನಾಲ್ಕು ಗುಣಗಳ ಮೊದಲಕ್ಷರ ಸೇರಿಸಿ ಕಟ್ಟಿದ ಪದ.

#26 ಕೊನೆಸಾಲು

ಎಐಗೆ ಹೇಳಿ ಕೋಡ್ ಬರೆಸುವ ವೈಬ್ ಕೋಡಿಂಗ್? 60ರ ದಶಕದ ‘ವೈಬ್ರೇಶನ್’ ಚಿಕ್ಕದಾಗಿ ವೈಬ್ ಆಯಿತು. 2025ರ ಫೆಬ್ರವರಿಯಲ್ಲಿ ಆಂಡ್ರೆ ಕರ್ಪಾತಿ ಅದನ್ನು ಕೋಡಿಗೆ ಅಂಟಿಸಿದರು. ತಾರೀಖು ಖಚಿತ ಇರುವ ಎರವಲು.

#27 ಪದಪೆಟ್ಟಿಗೆ

ಅದ್ಭುತ. ಒಂದು ಕೊನೆಯ ತೊಡಕು. ಯೂಸ್‌ನೆಟ್ ಹುಡುಕಿದರೆ ಕೆಲವು ಪದಗಳಿಗೆ 1970ರ ಜನವರಿ 1 ಅಂತ ತಾರೀಖು ಬರುತ್ತಿದೆ. ಗೂಗಲ್ ಪುಸ್ತಕಗಳಲ್ಲಿ ಇಂಟರ್ನೆಟ್ ಪದ 1899ರಲ್ಲಿ ಸಿಕ್ಕಿದೆ. ಯಾವುದನ್ನು ನಂಬಲಿ?

#28 ಹಳೇಮೋಡೆಮ್

ಎರಡನ್ನೂ ನಂಬಬೇಡಿ. 1970ರ ಜನವರಿ 1 ಯುನಿಕ್ಸ್ ಗಡಿಯಾರದ ಸೊನ್ನೆ, ತಾರೀಖು ಕಳೆದುಹೋಗಿದೆ ಅಂತ ಅರ್ಥ. ಯೂಸ್‌ನೆಟ್ ಶುರುವಾದದ್ದೇ 1979-80ರಲ್ಲಿ. ಸಂದೇಶದ ಮೇಲಿರುವ ತಾರೀಖು ಬರೆದವನ ಯಂತ್ರದ್ದು, ಆ ಗಡಿಯಾರ ತಪ್ಪಿದ್ದರೆ ತಾರೀಖೂ ತಪ್ಪು. ಮೂಲ ರೂಪ ತೆರೆದು ಮೆಸೇಜ್ ಐಡಿ ನೋಡಿ, ಎಷ್ಟೋ ಸಲ ಅದರಲ್ಲೇ ವರ್ಷ ಅಡಗಿರುತ್ತದೆ. ಆಮೇಲೆ ಅದಕ್ಕೆ ಬಂದ ಉತ್ತರಗಳ ತಾರೀಖು ತಾಳೆ ಹಾಕಿ, ಮೂರು ಬೇರೆ ಯಂತ್ರಗಳ ಗಡಿಯಾರ ಒಂದೇ ಥರ ತಪ್ಪುವುದು ಅಪರೂಪ.

ಪುಸ್ತಕಗಳಲ್ಲಿ ನಿಯತಕಾಲಿಕೆ ಇದ್ದರೆ ಹೆಚ್ಚು ಎಚ್ಚರ. ಎಷ್ಟೋ ಕಡೆ ಪತ್ರಿಕೆ ಶುರುವಾದ ವರ್ಷವನ್ನೇ ಎಲ್ಲ ಸಂಪುಟಕ್ಕೂ ಹಾಕಿಬಿಟ್ಟಿದ್ದಾರೆ. ಮುಖಪುಟದ ಚಿತ್ರ ಕಾಣದಿದ್ದರೆ ಆ ಸಾಕ್ಷಿ ಬಿಡಿ. ಫೋನ್ ಲೈನಿನಲ್ಲಿ ಸೇರುತ್ತಿದ್ದ ಹಳೆಯ ಬಿಬಿಎಸ್ ಚರ್ಚಾಕಟ್ಟೆಗಳ ಬರಹಗಳಿಗೆ ಟೆಕ್ಸ್ಟ್‌ಫೈಲ್ಸ್ ಸಂಗ್ರಹ ಒಳ್ಳೆಯದು, ಆದರೆ ಅಲ್ಲಿ ಫೈಲಿನ ತಾರೀಖಲ್ಲ, ಬರಹದ ತಲೆಯಲ್ಲಿ ಬರೆದವನೇ ಹಾಕಿದ ತಾರೀಖು ನೋಡಬೇಕು. ಫ್ರ್ಯಾಕ್ ಸಂಚಿಕೆಗಳಿಗೆ ತಾರೀಖು ಇದೆ, ಅಲ್ಲಿಂದ ಶುರುಮಾಡಿ.

#29 ಅಡಿಟಿಪ್ಪಣಿ

ಜಾರ್ಗನ್ ಫೈಲ್ ಬಗ್ಗೆಯೂ ಅದೇ ಎಚ್ಚರ. 1975ರಲ್ಲಿ ರಫಾಯೆಲ್ ಫಿಂಕೆಲ್ ಸ್ಟ್ಯಾನ್‌ಫರ್ಡಿನಲ್ಲಿ ಶುರುಮಾಡಿದ್ದು, 1983ರಲ್ಲಿ ಪುಸ್ತಕ, 1991ರಿಂದ ಎರಿಕ್ ರೇಮಂಡ್ ಕೈಯಲ್ಲಿ ಬಹಳ ಬೆಳೆಯಿತು. 2003ರ 4.4.7 ಆವೃತ್ತಿ ತೋರಿಸಿ ‘70ರ ದಶಕದ ಪದ’ ಅನ್ನಬೇಡಿ. ಹಳೆಯ ಆವೃತ್ತಿಗಳೆಲ್ಲ ಸಿಗುತ್ತವೆ, ಎರಡನ್ನು ಡಿಫ್ ಹಾಕಿ ನೋಡಿದರೆ ಪದ ಯಾವಾಗ ಒಳಗೆ ಬಂತು ಅಂತ ಕಣ್ಣಿಗೆ ಕಾಣುತ್ತದೆ.

#30 ಪದಪೆಟ್ಟಿಗೆ

ಹಾಗಿದ್ದರೆ ಕಾಲಂ ಹೀಗೆ: ಪಡ್ಡೆ ಅರ್ಥದ ಮೊದಲ ತಾರೀಖು, ಕಂಪ್ಯೂಟರ್ ಅರ್ಥದ ಮೊದಲ ತಾರೀಖು, ಸೇತುವೆ. ದಿಕ್ಕಿನ ಕಾಲಮಿನಲ್ಲಿ ಎರವಲು, ಒಂದೇ ಮೂಲ, ಶ್ಲೇಷೆ, ಕಾಕತಾಳೀಯ ಇವುಗಳಲ್ಲಿ ಒಂದು. ಸೇತುವೆ ಇಲ್ಲದ ಕಡೆ ಖಾಲಿ ಬಿಡುತ್ತೇವೆ. ಈ ಲೆಕ್ಕದಲ್ಲಿ ಕ್ರ್ಯಾಶ್, ಗ್ರೈಂಡ್, ಶ್ರೆಡ್, ಟ್ಯಾಗ್, ಆಸಿಡ್, ಕೋರ್ ಎಲ್ಲ ಕಾಕತಾಳೀಯ. ಹ್ಯಾಕರ್ ಹ್ಯಾಕರಾಗೇ ಇರುತ್ತಾನೆ.

#31 ಚಕ್ರಹಲಗೆ

ಅವತಾರ ಯಾವ ಬಗೆಗೆ ಹಾಕುತ್ತೀರಿ? ಪದ ನಮ್ಮದು. 1985ರ ಅಲ್ಟಿಮಾ 4 ಗೇಮ್, ಆಮೇಲೆ ಲೂಕಾಸ್‌ಫಿಲ್ಮಿನ ಹ್ಯಾಬಿಟ್ಯಾಟ್ ಅದನ್ನು ಪರದೆಗೆ ಏರಿಸಿದವು. ಈಗ ‘ಅವತಾರ್’ ಆಗಿ ವಾಪಸ್ ಬಂದಿದೆ. ‘ಏನೋ ನಿನ್ನ ಅವತಾರ’ ಅಂತ ಬೈಯುವಾಗಿನ ಅವತಾರ ಮಾತ್ರ ಎಲ್ಲೂ ಹೋಗಿ ಬಂದದ್ದಲ್ಲ.

#32 ಗೋಡೆಬರಹ

ಎರಡು ನಮೂದು ಮಾಡಿ. ‘ಅವತಾರ್’ ಅರ್ಧಾಕ್ಷರದಲ್ಲಿ ನಿಂತರೆ ಪರದೆಯದು, ‘ಅವತಾರ’ ಪೂರ್ತಿ ಬಂದರೆ ಬೈಗುಳದ್ದು. ಮಾತಾಡುವಾಗಲೂ ಜನ ಹೀಗೇ ಬೇರೆ ಮಾಡುತ್ತಾರೆ.

#33 ಪದಪೆಟ್ಟಿಗೆ

ಮಾಡಿದೆ. ಈಗ 65.